ಕಡಲಿನ ಅಸಲು

ಕೆನಡಾ ದೇಶದ ನ್ಯೂಫೌಂಡ್‌ಲೆಂಡಿನ ಕಡಲು ಕಾಡ್ ಎಂಬ ಮೀನಿನ ಅಕ್ಷಯಪಾತ್ರೆಯೆಂದು ಶತಮಾನಗಳಿಂದ ಪ್ರಸಿದ್ಧವಾಗಿದ್ದಿತು. 1968ನೆಯ ವರ್ಷವೊಂದರಲ್ಲಿಯೇ, ಬಹುಪಾಲು ಪರದೇಶದ ನೌಕೆಗಳಿಂದ, ಸುಮಾರು 8 ಲಕ್ಷ ಟನ್ನು ಮೀನು ಸೂರೆಹೋಯಿತು. 1977ರಲ್ಲಿ 200 ಮೈಲಿಗಳವರೆಗೆ ಸ್ವಾಮ್ಯವನ್ನು ಪಡೆದ ಮೇಲೆ ಸ್ವದೇಶದ ನೌಕೆಗಳೂ ಅದೇ ಹಾದಿಯನ್ನು ಹಿಡಿದವು. ಕಡೆಗೆ 1992ರಲ್ಲಿ ಸರಕಾರದವರು ಆ ಮೀನುಗಾರಿಕೆಯನ್ನೇ ನಿಲ್ಲಿಸಿದರು. ಸುಮಾರು 30,000 ಜನರ ಅನ್ನಕ್ಕೆ ಕಲ್ಲು ಬಿದ್ದಿತು. 2 ವರ್ಷಗಳಿಗೆಂದು ಹೇಳಿದ ನಿಷೇಧವು 2024ರವರೆಗೆ ಬೆಳೆಯಿತು.

ಕಾರಣವೇನು? ಕುಂದಿದುದು ಸಂಖ್ಯೆಯೊಂದೇ ಅಲ್ಲ. ಸಂತತಿಯ ವಯೋಕ್ರಮವೂ ಕೆಟ್ಟಿದ್ದಿತು. ಹಿರಿಯ ತಾಯಿಮೀನು ಎಳೆಯದಕ್ಕಿಂತ ಎಷ್ಟೋ ಮಡಿ ಮೊಟ್ಟೆಯಿಡುವುದು. ಬಲೆಗಳು ಆ ತಾಯಂದಿರನ್ನೇ ಬರಿದುಮಾಡಿದ್ದವು. ಬಡ್ಡಿಯಿಂದ ತೃಪ್ತವಾಗದೆ ಅಸಲನ್ನೇ ತಿಂದ ಮನೆಯು ಬೇಗನೆ ಚೇತರಿಸಿಕೊಳ್ಳುವುದುಂಟೆ?

ನಮ್ಮ ಮಂಗಳೂರು, ಮಲ್ಪೆ, ಕಾರವಾರಗಳ ಯಂತ್ರದೋಣಿಗಳಿಗೂ ಜೂನ್ 1ರಿಂದ 61 ದಿನಗಳ ವಿರಾಮವನ್ನು ವಿಧಿಸಿರುವುದು ಯುಕ್ತವೇ ಸರಿ. ಆದರೆ ಉಳಿದ ತಿಂಗಳುಗಳಲ್ಲಿ ಕಿರುಗಣ್ಣಿನ ಬಲೆಯು ಮರಿಗಳನ್ನು ಬಳಿದರೆ ನಾಳಿನ ತಾಯಿಮೀನು ಎಲ್ಲಿಂದ ಬಂದೀತು? ಅಧಿಕಾರಿಗಳು ದಿನಗಳನ್ನು ಎಣಿಸುವಂತೆ ಬಲೆಯ ಕಣ್ಣನ್ನೂ ಅಳೆಯಲಿ. ಗೃಹಸ್ಥರು ಮರಿಮೀನನ್ನು ಕೊಳ್ಳದಿರಲಿ. ನಮ್ಮ ಕಡಲನ್ನು ನಾವೇ ಸೂರೆಮಾಡುವುದು ಸ್ವರಾಜ್ಯವೆನಿಸದು.