ಹಿತ್ತಿಲ ಶೆಡ್ಡು, ಮೊಮ್ಮಕ್ಕಳ ಕನ್ನಡ

ಡೊಂಬಿವಲಿಯ ಫ್ಲ್ಯಾಟಿಗೆ ಹಿತ್ತಿಲು ಎಲ್ಲಿಂದ ಬರಬೇಕು? ಆದರೆ ನವಿಮುಂಬಯಿಯ ಬೇಲಾಪುರದಲ್ಲಿ ಚಾರ್ಲ್ಸ್ ಕೊರಿಯಾ 1980ರ ದಶಕದಲ್ಲಿ ರೂಪಿಸಿದ ಆರ್ಟಿಸ್ಟ್ಸ್ ವಿಲೇಜ್ ಇದೆ. ಸಂಸಾರ ಬೆಳೆದಂತೆ ಮನೆಯವರೇ ಕಟ್ಟಿಕೊಳ್ಳಲಿ ಎಂದು ಅಲ್ಲಿ ಪ್ರತಿ ಮನೆಗೂ ಅಂಗಳ ಬಿಟ್ಟು, ಪಕ್ಕದ ಮನೆಯೊಡನೆ ಗೋಡೆ ಹಂಚಿಕೊಳ್ಳದಂತೆ ಮಾಡಿದ್ದರು. ಆಮೇಲೆ ಎಷ್ಟೋ ಜನ ಹಳೆಯದನ್ನು ಕೆಡವಿ ಕಾಂಟ್ರಾಕ್ಟರಿಂದ ಮಹಡಿ ಎಬ್ಬಿಸಿದರು.

ಇಂಥ ಜಾಗವಿರುವ ಕನ್ನಡದ ಅಜ್ಜಂದಿರೇ, ಸಾಮಾನಿನ ಶೆಡ್ಡನ್ನಾದರೂ ಗುತ್ತಿಗೆಗೆ ಕೊಡಬೇಡಿ. ಮಗ ಕಂಬ ನೆಡಲಿ, ಮಗಳು ತಗಡು ಕೊರೆಯಲಿ, ಮೊಮ್ಮಕ್ಕಳು ಟೇಪು ಹಿಡಿಯಲಿ. ಶಾಲೆಯಲ್ಲಿ ಇಂಗ್ಲಿಷ್, ರಿಕ್ಷಾದಲ್ಲಿ ಮರಾಠಿ, ಆಟದಲ್ಲಿ ಹಿಂದಿ. ತೊಲೆ, ಜಂತಿ, ಮೊಳೆ, ರಸಮಟ್ಟ ಅವರ ಕಿವಿಗೆ ಇನ್ನೆಲ್ಲಿ ಬೀಳಬೇಕು? ಎರಡು ದಿನದ ಕೆಲಸ ಎಂಟು ಭಾನುವಾರ ಹಿಡಿದೀತು. ಹಿಡಿಯಲಿ ಬಿಡಿ.

ಪರವಾನಗಿ ಮಾತ್ರ ಮೊದಲೇ ಕೇಳಿ. ಜೂನ್ ಮಳೆಗೆ ಮುಂಚೆ ಮಾಡು ಮುಗಿಯಲಿ. ಇಳಿಜಾರು ನಿಮ್ಮ ಅಂಗಳದ ಕಡೆಗೇ ಇರಲಿ, ಪಕ್ಕದವರ ಗೋಡೆಗಲ್ಲ.