ಗಂಟುಗಳನ್ನು ಎಣಿಸುವ ಲೆಕ್ಕ

"ನಮ್ಮ ಹುಡುಗ ಬರೆದ ಪ್ರೋಗ್ರಾಂ ಯಾರಿಗೂ ಅರ್ಥವಾಗೋಲ್ಲ ಮೇಷ್ಟ್ರೇ!" ಎಂದು ತಂದೆಯೊಬ್ಬರು ಹೆಮ್ಮೆಯಿಂದ ಹೇಳಿದರು. ನಾನೂ ತಲೆದೂಗಿದೆ. ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ಇಬ್ಬರು ಮಕ್ಕಳು ಹುಟ್ಟಿದ ದಿನಾಂಕ ಕೊಟ್ಟರೆ ವಾರ ಹೇಳುವ ಕಂಪ್ಯೂಟರ್ ಪ್ರೋಗ್ರಾಂ ಬರೆದಿದ್ದರು. ಆ ಹುಡುಗನದು ಮೂರು ಪುಟ, ಇನ್ನೊಬ್ಬ ಹುಡುಗಿಯದು ಒಂದೇ ಪುಟ. ಹುಡುಗನಿಗೆ ಇಪ್ಪತ್ತಕ್ಕೆ 18 ಅಂಕ ಕೊಟ್ಟೆ; ಹುಡುಗಿಗೆ 14.

ಮರುವರ್ಷ ಇಂಜಿನಿಯರುಗಳ ದಿನಾಚರಣೆಗೆ ಹುಡುಗನ ಪ್ರೋಗ್ರಾಂ ಮತ್ತೆ ವೇದಿಕೆಗೆ ಬಂತು. ಅತಿಥಿಗಳೊಬ್ಬರು ಸರ್ ಎಂ. ವಿಶ್ವೇಶ್ವರಯ್ಯನವರ ಜನ್ಮದಿನಾಂಕವನ್ನೇ ಕೊಟ್ಟರು: 15 ಸೆಪ್ಟೆಂಬರ್ 1861. ಅದು ಭಾನುವಾರ. ಕಂಪ್ಯೂಟರ್ ಶನಿವಾರ ಎಂದಿತು! ಹುಡುಗ ತಾನೇ ಬರೆದದ್ದನ್ನು ತಿರುವಿ ಹಾಕಿದ. ತಪ್ಪು ಎಲ್ಲಿದೆಯೆಂದು ತಿಳಿಯಲಿಲ್ಲ. ಕೊನೆಗೆ ಸಿಕ್ಕಿದ್ದು ಇಷ್ಟು: 'ಇಲ್ಲದಿದ್ದರೆ' ಎನ್ನುವ ಒಂದು ಸಾಲು ತನ್ನದಲ್ಲದ ಷರತ್ತಿಗೆ ಅಂಟಿಕೊಂಡು, 1900ನ್ನು ಅಧಿಕ ವರ್ಷವೆಂದು ಲೆಕ್ಕ ಹಾಕಿತ್ತು. ಹಿಂದಿನ ವರ್ಷ ಬಂದವರೆಲ್ಲ 1900ರ ನಂತರ ಹುಟ್ಟಿದವರು. ಹಾಗಾಗಿ ತಪ್ಪು ಅಡಗಿಯೇ ಉಳಿದಿತ್ತು. ಸರಿಪಡಿಸಿದರೂ ಉತ್ತರ ಬದಲಾಗಲಿಲ್ಲ. ಏಕೆಂದರೆ ಅದೇ ಸಾಲುಗಳನ್ನು ಅವನು ನಾಲ್ಕು ಕಡೆ ನಕಲು ಮಾಡಿದ್ದ!

ತೊಡಕನ್ನು ಜಾಣತನವೆಂದು ಅಂದು ನಾನೇ ಮೆಚ್ಚಿದ್ದೆ. ಹಾಗಾದರೆ ತೊಡಕನ್ನು ಅಳೆಯುವುದು ಹೇಗೆ? ಪುಟಗಳನ್ನು ಎಣಿಸಿದರೆ ಸಾಲದು. ನೂರು ಸಾಲುಗಳ ಸರಳ ಪ್ರೋಗ್ರಾಂ ಇರಬಹುದು, ಇಪ್ಪತ್ತು ಸಾಲುಗಳ ಸಿಕ್ಕೂ ಇರಬಹುದು.

ಥಾಮಸ್ ಮೆಕೇಬ್ ಎಂಬುವರು 1976ರಲ್ಲಿ ಒಂದು ಅಳತೆಗೋಲನ್ನು ಸೂಚಿಸಿದರು. ಅದರ ಹೆಸರು ಸೈಕ್ಲೋಮ್ಯಾಟಿಕ್ ಕಾಂಪ್ಲೆಕ್ಸಿಟಿ. ಹೆಸರು ಕೇಳಿ ಗಾಬರಿಯಾಗಬೇಡಿ. ಪ್ರೋಗ್ರಾಮನ್ನು ಫ್ಲೋಚಾರ್ಟ್ ಆಗಿ ಬರೆಯಿರಿ. ಬಾಣಗಳ ಸಂಖ್ಯೆಯಿಂದ ಚೌಕಗಳ ಸಂಖ್ಯೆಯನ್ನು ಕಳೆದು 2 ಕೂಡಿಸಿ. ಒಂದೇ ಪ್ರಶ್ನೆ ಇದೆ ಎನ್ನಿ: ಪ್ರಶ್ನೆಯ ಚೌಕ, 'ಹೌದು' ಕೆಲಸ, 'ಅಲ್ಲ' ಕೆಲಸ, ಮುಕ್ತಾಯ, ಹೀಗೆ ನಾಲ್ಕು ಚೌಕ, ನಾಲ್ಕು ಬಾಣ. ಉತ್ತರ 2. ಇನ್ನೂ ಸುಲಭದ ದಾರಿ ಬೇಕೆ? ಪ್ರೋಗ್ರಾಮಿನಲ್ಲಿರುವ 'ಇಫ್'ಗಳನ್ನೂ ಲೂಪ್‌ಗಳನ್ನೂ ಎಣಿಸಿ 1 ಕೂಡಿಸಿ. ಒಂದೇ ಸಾಲಿನಲ್ಲಿ 'ಮತ್ತು', 'ಅಥವಾ' ಎಂದು ಷರತ್ತುಗಳನ್ನು ತುರುಕಿದರೆ ಅವುಗಳನ್ನೂ ಎಣಿಸಬೇಕು, ಮೋಸ ನಡೆಯದು.

ಪ್ರೋಗ್ರಾಮಿನ ಪ್ರತಿ ಭಾಗದಲ್ಲಿ ಈ ಸಂಖ್ಯೆ 10 ದಾಟದಿರಲಿ ಎಂದರು ಮೆಕೇಬ್. ಆದರೆ ಈ ಹತ್ತರಲ್ಲಿ ಮಂತ್ರಶಕ್ತಿಯೇನೂ ಇಲ್ಲ, ಇದೊಂದು ಯೋಗ್ಯ ಮಿತಿ ಅಷ್ಟೇ ಎಂಬುದನ್ನೂ ಅವರೇ ಸ್ಪಷ್ಟಪಡಿಸಿದ್ದರು.

ಅಧಿಕ ವರ್ಷದ ಲೆಕ್ಕವನ್ನೇ ನೋಡೋಣ. ವರ್ಷ 4ರಿಂದ ಭಾಗವಾಗುತ್ತದೆಯೇ? ಆದರೆ, 100ರಿಂದ? ಅದೂ ಆದರೆ, 400ರಿಂದ? ಮೂರು ಪ್ರಶ್ನೆ, ಸಂಖ್ಯೆ 4. ಅಂದರೆ ನಾಲ್ಕು ದಾರಿಗಳು. ಪರೀಕ್ಷೆಗೂ ನಾಲ್ಕು ವರ್ಷಗಳು ಬೇಕು: 2023, 2024, 1900, 2000. ನಮ್ಮ ಹುಡುಗ 1900ನ್ನು ಒಮ್ಮೆ ಕೊಟ್ಟು ನೋಡಿದ್ದರೆ ವೇದಿಕೆಯ ಮೇಲೆ ಮುಖ ಸಣ್ಣದಾಗುತ್ತಿರಲಿಲ್ಲ.

ಅವನು ಈ ಪ್ರಶ್ನೆಗಳನ್ನು ಡಬ್ಬಿಯೊಳಗೆ ಡಬ್ಬಿ ಇಟ್ಟಂತೆ ಒಂದರೊಳಗೊಂದು ಬರೆದಿದ್ದ. ಹುಡುಗಿ ಸಾಲಾಗಿ ಬರೆದಿದ್ದಳು: 400ರಿಂದ ಭಾಗವಾದರೆ ಅಧಿಕ ವರ್ಷ, ಮುಗಿಯಿತು. 100ರಿಂದ ಭಾಗವಾದರೆ ಅಲ್ಲ, ಮುಗಿಯಿತು. 4ರಿಂದ ಭಾಗವಾದರೆ ಹೌದು. ಉಳಿದದ್ದು ಅಲ್ಲ.

ತಮಾಷೆ ನೋಡಿ: ಮೆಕೇಬರ ಲೆಕ್ಕದಲ್ಲಿ ಎರಡಕ್ಕೂ 4! ಓದುವವರಿಗೆ ಮಾತ್ರ ಅಜಗಜಾಂತರ. ಈ ಕೊರತೆ ತುಂಬಲೆಂದೇ ಈಚಿನ ವರ್ಷಗಳಲ್ಲಿ ಸೋನಾರ್‌ಸೋರ್ಸ್ ಎಂಬ ಸಂಸ್ಥೆ ಕಾಗ್ನಿಟಿವ್ ಕಾಂಪ್ಲೆಕ್ಸಿಟಿ ಎಂಬ ಇನ್ನೊಂದು ಅಳತೆಯನ್ನು ತಂದಿತು. ಇಲ್ಲಿ ಹೊರಗಿನ 'ಇಫ್'ಗೆ 1, ಅದರೊಳಗಿನದಕ್ಕೆ 2, ಅದರೊಳಗಿನದಕ್ಕೆ 3. ಪ್ರತಿ 'ಎಲ್ಸ್'ಗೆ 1. ಆಳಕ್ಕಿಳಿದಷ್ಟೂ ದಂಡ ಹೆಚ್ಚು. ಈ ಲೆಕ್ಕದಲ್ಲಿ ಡಬ್ಬಿಯೊಳಗಿನ ಡಬ್ಬಿಗೆ 9, ಸಾಲು ಬರಹಕ್ಕೆ 3.

ಗಂಟು ಸಡಿಲಿಸುವ ದಾರಿಯೂ ಇಲ್ಲೇ ಇದೆ. ಬೇಡದ ಸಂದರ್ಭಗಳನ್ನು ಮೊದಲೇ ವಿಲೇವಾರಿ ಮಾಡಿ. ಒಂದು ಫಂಕ್ಷನ್‌ಗೆ ಒಂದೇ ಕೆಲಸ ಕೊಡಿ. ಒಂದೇ ಲೆಕ್ಕ ನಾಲ್ಕು ಕಡೆ ಬೇಕಾದರೆ ಒಮ್ಮೆ ಬರೆದು ನಾಲ್ಕು ಕಡೆಯಿಂದ ಕರೆಯಿರಿ. ಆಗ ತಿದ್ದುವುದೂ ಒಂದೇ ಕಡೆ. ಎಕ್ಸ್, ವೈ ಎನ್ನುವ ಬದಲು ಅರ್ಥವಿರುವ ಹೆಸರಿಡಿ. ಹೆಸರಿನ ಒಳ್ಳೆಯತನವನ್ನು ಈ ಎರಡು ಅಳತೆಗಳೂ ಎಣಿಸವು. ಅದಕ್ಕೆ ಓದುವ ಕಣ್ಣೇ ಬೇಕು. ಹಾಗೆಯೇ ಸಂಖ್ಯೆ ಇಳಿಸಬೇಕೆಂಬ ಒಂದೇ ಹಟಕ್ಕೆ ಪ್ರೋಗ್ರಾಮನ್ನು ಚೂರುಚೂರು ಮಾಡಬೇಡಿ. ಜ್ವರ ಇಳಿಯಲೆಂದು ಥರ್ಮಾಮೀಟರನ್ನು ತಣ್ಣೀರಿನಲ್ಲಿ ಅದ್ದಿದಂತಾದೀತು.

ಆ ಹುಡುಗಿಯನ್ನು ಕರೆದು, "ಅಂಕ ಕೊಡುವಾಗ ತಪ್ಪಿದ್ದು ನಾನಮ್ಮ" ಎಂದೆ. "ಪರವಾಗಿಲ್ಲ ಸರ್, ಅವನಿಗೂ ನನ್ನ ಪುಟ ತೋರಿಸಿದ್ದೀನಿ" ಎಂದು ನಕ್ಕಳು. ಅವನು ಅದನ್ನು ಐದೇ ನಿಮಿಷದಲ್ಲಿ ಅರ್ಥ ಮಾಡಿಕೊಂಡಿದ್ದನಂತೆ. ಅವಳಿಗೆ ಸಲ್ಲಬೇಕಿದ್ದ ಆರು ಅಂಕ ಅಲ್ಲೇ ಇತ್ತು.

ಪಾಲಕರಲ್ಲಿ ಒಂದು ಮಾತು. ಮಗುವಿನ ಪ್ರೋಗ್ರಾಂ ನಿಮಗೆ ಅರ್ಥವಾಗದಿದ್ದರೆ ಹಿಗ್ಗಬೇಡಿ. "ಇದನ್ನು ನನಗೆ ಬಿಡಿಸಿ ಹೇಳಪ್ಪಾ" ಎನ್ನಿ. ಹೇಳುತ್ತಾ ಅವನು ಎಲ್ಲಿ ತಡವರಿಸುತ್ತಾನೋ ಅಲ್ಲೇ ಗಂಟು. ಮಕ್ಕಳೇ, ನಿಮ್ಮದೇ ಹಳೆಯ ಪ್ರೋಗ್ರಾಂ ಒಂದನ್ನು ತೆಗೆದು ಇಂದು ಸಂಜೆ 'ಇಫ್'ಗಳನ್ನು ಎಣಿಸಿ ನೋಡಿ. ಹತ್ತು ದಾಟಿದ್ದರೆ ಭಾನುವಾರಕ್ಕೆ ಕೆಲಸ ಸಿಕ್ಕಿತು!