ಮನೆಮಾತಿನ ಬೇರು: ಹೇನು

ಹೇನೆಂಬ ಹೆಸರನ್ನು ಕೇಳಿ ವಾಚಕರು ಮೂಗು ಮುರಿಯಬಹುದು. ಆದರೆ ಒಂದು ನುಡಿಯ ಕುಲವನ್ನು ಅರಿಯಬೇಕಾದರೆ ಇಂತಹ ಕ್ಷುದ್ರಕೀಟದ ಹೆಸರೇ ನೆಚ್ಚತಕ್ಕ ಸಾಕ್ಷಿಯೆಂದು ನಾವು ಹೇಳುವೆವು. ಪೇಟೆಯ ಸರಕಿನೊಡನೆ ಅದರ ಹೆಸರೂ ಊರಿಂದೂರಿಗೆ ಬರುವುದುಂಟು; ಹೇನಿನ ಹೆಸರನ್ನು ನೆರೆಯವರಿಂದ ಕಡ ತರುವುದು ಅಪೂರ್ವ. ತಾಯಿ ಮಗುವಿನ ತಲೆ ಬಾಚುವಾಗಲೇ ಆ ಮಾತು ತಲೆಮಾರಿನಿಂದ ತಲೆಮಾರಿಗೆ ಇಳಿಯುತ್ತದೆ.

ಬೀದರ ಜಿಲ್ಲೆಯ ಹುಮನಾಬಾದ ತಾಲ್ಲೂಕಿನ ಹಳ್ಳಿಖೇಡವನ್ನು ನೋಡೋಣ. ಊರ ಹೆಸರಿನಲ್ಲಿಯೇ ಕನ್ನಡದ ಹಳ್ಳಿಯೂ ಮರಾಠಿಯ ಖೇಡವೂ ಕೂಡಿ ಕೇಳಿಸುತ್ತವೆ. ಆ ಸೀಮೆಯಲ್ಲಿ ಕನ್ನಡ, ಮರಾಠಿ, ಉರ್ದು ಮಾತುಗಳು ಬಹುಕಾಲದಿಂದ ನೆರೆಹೊರೆಯಾಗಿ ಬಾಳಿವೆ. ಆದರೂ ಕನ್ನಡದ ‘ಹೇನು’ ಮರಾಠಿಯಲ್ಲಿ ‘ಊ’, ಉರ್ದುವಿನಲ್ಲಿ ‘ಜೂಂ’. ಇವೆರಡೂ ಸಂಸ್ಕೃತದ ‘ಯೂಕಾ’ ಶಬ್ದದ ಬಳ್ಳಿಗೆ ಸೇರಿದವು. ಹೇನು ಆ ಬಳ್ಳಿಯದಲ್ಲ.

ಹಾಗಾದರೆ ಹೇನಿನ ಒಡಹುಟ್ಟುಗಳೆಲ್ಲಿ? ತಮಿಳು ಮಲೆಯಾಳಗಳಲ್ಲಿ ‘ಪೇನ್’, ತೆಲುಗು ತುಳುಗಳಲ್ಲಿ ‘ಪೇನು’. ಹಳಗನ್ನಡದಲ್ಲಿ ಶಬ್ದಗಳ ಮೊದಲಿಗಿದ್ದ ಪಕಾರವು ನಡುಗನ್ನಡಕ್ಕೆ ಬರುವಷ್ಟರಲ್ಲಿ ಬಹುಮಟ್ಟಿಗೆ ಹಕಾರವಾಯಿತು. ಪಾಲ್ ಹಾಲಾಯಿತು, ಪುಲಿ ಹುಲಿಯಾಯಿತು, ಪಲ್ ಹಲ್ಲಾಯಿತು. ಅದರಂತೆಯೇ ಪೇನ್ ಹೇನಾಯಿತು. ಇನ್ನೂ ಸೋಜಿಗವೆಂದರೆ, ದೂರದ ಛೋಟಾ ನಾಗಪುರದ ಕುರುಖ್ ನುಡಿಯಲ್ಲಿಯೂ ಇದು ‘ಪೇನ್’ ಎಂದೇ ಇದೆ. ಬರೋ ಮತ್ತು ಎಮೆನೋ ಎಂಬ ವಿದ್ವಾಂಸರು ೧೯೬೧ರಲ್ಲಿ ಪ್ರಕಟಿಸಿದ ದ್ರಾವಿಡ ನಿಘಂಟಿನಲ್ಲಿ ಇಂತಹ ಸೋದರ ಶಬ್ದಗಳನ್ನು ಒಂದೆಡೆ ಸೇರಿಸಿರುವರು. ಇವನ್ನು ತೂಗಿ ನೋಡಿ, ಮೂಲದ್ರಾವಿಡದಲ್ಲಿಯೂ ‘ಪೇನ್’ ಎಂಬ ರೂಪವಿದ್ದಿರಬೇಕೆಂದು ಪಂಡಿತರು ಅನುಮಾನಿಸುತ್ತಾರೆ. ಇದು ಯಾವ ಬರೆಹದಲ್ಲಿಯೂ ದೊರೆತುದಲ್ಲ, ಹೋಲಿಕೆಯಿಂದ ಕಟ್ಟಿದ್ದು ಎಂದು ತಿಳಿಸಲು ಅದರ ಮುಂದೆ ನಕ್ಷತ್ರದ ಗುರುತನ್ನಿಡುವರು.

ನೆರೆತನ ಬೇರೆ, ನೆಂಟತನ ಬೇರೆ ಎಂಬುದು ಇದರಿಂದ ತಿಳಿಯುವುದಲ್ಲವೆ?

ಇಂತಹ ಶೋಧಕ್ಕೆ ಬಾಯಿಮಾತೇ ಬಂಡವಾಳ. ಸೈಬೀರಿಯದ ಯೆನಿಸೇಯಿ ನದಿಯ ಸೀಮೆಯಲ್ಲಿದ್ದ ಕೋಟ್ ನುಡಿ ಅಳಿದುಹೋಗಿದೆ. ಫಿನ್ಲೆಂಡಿನ ಕಾಸ್ಟ್ರೇನ್ ಎಂಬ ಪಂಡಿತನು ಅದನ್ನು ಕೇಳಿ ಬರೆದಿಟ್ಟನು. ಅವನ ವ್ಯಾಕರಣ ೧೮೫೮ರಲ್ಲಿ ಅಚ್ಚಾಯಿತು. ಆದುದರಿಂದಲೇ ಕೋಟ್ ಮಾತುಗಳನ್ನು ಅದರ ಸೋದರ ನುಡಿಯಾದ ಕೇಟ್‌ನೊಡನೆ ಹೋಲಿಸಿ, ಅವುಗಳ ಮೂಲರೂಪವನ್ನು ಅರಸುವುದು ಇಂದಿಗೂ ಸಾಧ್ಯವಾಗಿದೆ. ಬರೆದಿಡದ ಮಾತು ಆಡುವವರೊಡನೆಯೇ ಮಣ್ಣಾಗುವುದು.

ಮನೆಯ ಹಿರಿಯರು ಹೇನಿಗೆ, ಅದರ ಮೊಟ್ಟೆಯಾದ ಸೀರಿಗೆ, ತಿಗಣೆಗೆ, ಚಿಗಟಕ್ಕೆ, ಇರುವೆಗೆ ಏನೇನೆನ್ನುವರೆಂಬುದನ್ನು ಊರ ಹೆಸರಿನೊಡನೆ ಒಂದು ಪುಸ್ತಕದಲ್ಲಿ ಗುರುತು ಹಾಕಿಡಿರೆಂದು ವಾಚಕರಲ್ಲಿ ನಮ್ಮ ಬಿನ್ನಹ. ಗ್ರಾಮ್ಯವೆಂದು ಯಾವ ಮಾತನ್ನೂ ತಿದ್ದಲಾಗದು. ಬೇರಿನ ಮಣ್ಣು ಅದಕ್ಕೇ ಅಂಟಿರಬಹುದು.